ಮೂರನೆಯ ಬೆರಳು

ಮಲ್ಲಿಕಮ್ಮ ಗಿಡವನ್ನು ಹತ್ತಿರಕ್ಕೆ ಎಳೆದಳು. ಗಿಡ ದೂರ ಓಡಿತು. ಮತ್ತೆ ಎಳೆದಳು. ಮತ್ತಷ್ಟು ದೂರ ಓಡಿ, ಫೋನಿನ ಪರದೆಯ ನಡುವೆ ಸಾಸಿವೆಕಾಳಿನಷ್ಟಾಗಿ ನಿಂತಿತು. ಮೂರನೆಯ ಸಲ ಎಳೆದಾಗ ಅದು ಓಡಲೂ ಇಲ್ಲ, ಬರಲೂ ಇಲ್ಲ, ಸತ್ತಂತೆ ಬಿದ್ದುಕೊಂಡಿತು. ಆಕೆ ಫೋನನ್ನು ಸೆರಗಿನಿಂದ ಒರೆಸಿದಳು, ಬೆರಳನ್ನೂ ಒರೆಸಿಕೊಂಡಳು, ಅಕ್ಕಪಕ್ಕ ನೋಡಿದಳು. ಅಕ್ಕಪಕ್ಕದವರೂ ಒರೆಸುತ್ತಲೇ ಇದ್ದರು.

"ಇನ್ನ ನಾಕs ನಿಮಿಷ ನೋಡ್ರಿ," ಎಂದು ಕಂಪನಿಯ ಅಧಿಕಾರಿ ಸುನೀಲಕುಮಾರ ಗಡಿಯಾರ ನೋಡುತ್ತಾ ಕೂಗಿದ.

ಶಹಾಪುರದ ಸಮುದಾಯ ಭವನದಲ್ಲಿ ಜಮಖಾನೆ ಹಾಸಿ ಹೆಂಗಸರನ್ನು ಸಾಲಾಗಿ ಕೂರಿಸಿದ್ದರು. ಒಟ್ಟು ನಲವತ್ತು ಜನ, ಫೋನು ಇಪ್ಪತ್ತೇ, ಅದಕ್ಕೆ ಎರಡು ಸರದಿ. ಎಲ್ಲರೂ ಶಹಾಪುರ, ಸುರಪುರ ಕಡೆಯ ಹೊಲಗಳಲ್ಲಿ ಹತ್ತಿ ಬಿಡಿಸುವವರು. ಬೀಜದ ಕಂಪನಿಯೊಂದು ಹತ್ತಿ ಹೊಲಗಳಲ್ಲಿ ಗುಲಾಬಿ ಹುಳ ಎಣಿಸಲು ಹೆಂಗಸರನ್ನು ತೆಗೆದುಕೊಳ್ಳುತ್ತೇವೆ ಎಂದು ಡಂಗುರ ಸಾರಿಸಿತ್ತು. ತಿಂಗಳ ಸಂಬಳ, ಕೊರಳಿಗೆ ಗುರುತಿನ ಚೀಟಿ, ಕೈಗೊಂದು ಫೋನು. ಗೆದ್ದವರಿಗೆಲ್ಲ ಕೆಲಸ. ಆದರೆ ಪರೀಕ್ಷೆ ಹೊಲದಲ್ಲಿ ಅಲ್ಲ, ಫೋನಿನಲ್ಲಿ. 'ಹುಳ ಹುಡುಕು' ಎಂಬ ಆಟ. ಹತ್ತು ನಿಮಿಷದಲ್ಲಿ ಪರದೆಯ ಮೇಲಿನ ಹೊಲದೊಳಗೆ ಹೊಕ್ಕು, ಗಿಡಗಳನ್ನು ಹತ್ತಿರ ತಂದು ನೋಡಿ, ಇಪ್ಪತ್ತು ಹುಳ ಹಿಡಿಯಬೇಕು. ಹನ್ನೆರಡು ಸಿಕ್ಕರೆ ಪಾಸು.

ಮೌನಿಕಾ ಗೋಡೆಗೆ ಬೆನ್ನು ಕೊಟ್ಟು ನಿಂತು ನೋಡುತ್ತಿದ್ದಳು. ಆಟ ಮಾಡಿದ್ದು ಯಾದಗಿರಿಯಲ್ಲಿ ಅವಳು ಕೆಲಸ ಮಾಡುವ ಆಫೀಸು. ಗಿಡವನ್ನು ಬೆರಳಿನಿಂದ ಹತ್ತಿರ ತರುವ, ದೂರ ತಳ್ಳುವ ಭಾಗ ಬರೆದದ್ದು ಅವಳೇ. ಜಮಖಾನೆಯ ಎರಡನೇ ಸಾಲಿನಲ್ಲಿ ಕೂತು ಫೋನು ಒರೆಸುತ್ತಿದ್ದ ಮಲ್ಲಿಕಮ್ಮ ಅವಳ ತಾಯಿ.

ಗಂಟೆ ಹೊಡೆಯಿತು. ಇಪ್ಪತ್ತರಲ್ಲಿ ಮಲ್ಲಿಕಮ್ಮನಿಗೆ ಮೂರು. ಅವಳ ಪಕ್ಕದ ಹಣಮಂತಮ್ಮನಿಗೆ ಒಂದು. ಎರಡೂ ಸರದಿ ಮುಗಿದಾಗ ನಲವತ್ತು ಜನರಲ್ಲಿ ಗೆದ್ದವರು ಐದು ಜನ. ಐವರೂ ಮನೆಯಲ್ಲಿ ದೊಡ್ಡ ಫೋನು ಇಟ್ಟುಕೊಂಡಿದ್ದ ಸಣ್ಣ ವಯಸ್ಸಿನ ಸೊಸೆಯಂದಿರು.

"ನಾ ಮೊದಲs ಹೇಳಿದ್ದೆ," ಎಂದು ಸುನೀಲಕುಮಾರ ನಕ್ಕ. "ಇವ್ರಿಗಿ ಕಣ್ಣs ಇಲ್ಲ. ಶುಕ್ರವಾರ ಸುರಪುರದಾಗ ಇನ್ನೊಂದ ಚಾನ್ಸ್ ಕೊಡ್ತೀವಿ. ಅಲ್ಲೂ ಆಗ್ಲಿಲ್ಲಂದ್ರ ಡಿಗ್ರಿ ಮಾಡಿದ ಹುಡುಗ್ಯಾರನ್ನ ತಗೋತೀವಿ. ಮುಗೀತು."

ಕಣ್ಣಿಲ್ಲವಂತೆ. ಇಪ್ಪತ್ತೆರಡು ವರ್ಷದಿಂದ ಮಲ್ಲಿಕಮ್ಮ ಹತ್ತಿ ಬಿಡಿಸುತ್ತಿದ್ದಾಳೆ. ಕಾಯಿ ನೋಡಿದರೆ ಸಾಕು, ಒಳಗಿನ ಯಾವ ತೊಳೆಯಲ್ಲಿ ಹುಳ ಇದೆ ಎಂದು ಹೇಳುತ್ತಾಳೆ. ಊರಿನ ರೈತರು ಔಷಧಿ ಹೊಡೆಯುವ ಮೊದಲು ಅವಳನ್ನು ಕರೆದು ಕೇಳುತ್ತಾರೆ, ಕೇಳಿ ಅವಳ ಮಾತನ್ನು ತಮ್ಮದೇ ಮಾತು ಎಂಬಂತೆ ಕಟ್ಟೆಯ ಮೇಲೆ ಕೂತು ಹೇಳುತ್ತಾರೆ. ಆ ಕಣ್ಣಿಗೆ ಇಪ್ಪತ್ತರಲ್ಲಿ ಮೂರು.

ಮೌನಿಕಾ ತಾಯಿಯ ಹತ್ತಿರ ಹೋದಳು. ಮಲ್ಲಿಕಮ್ಮ ಎದ್ದು ಸೀರೆ ಜಾಡಿಸಿಕೊಂಡಳು.

"ಏನಾತs ಅವ್ವ?"

"ನನಗೇನ್ ಗೊತ್ತs. ಬಾ ಅಂದ್ರ ಹೋಗ್ತದ ನಿನ್ನ ಗಿಡ," ಎಂದಳು. ಹೊರಗೆ ಊರಿಗೆ ಒಯ್ಯುವ ಟಂಟಂ ಆಟೋ ಕಾಯುತ್ತಿತ್ತು.

ಒಂದು ತಿಂಗಳ ಹಿಂದೆ ಆ ಆಟದಲ್ಲಿ ಎರಡು ಗುಂಡಿ ಇದ್ದವು. ಒಂದು ಒತ್ತಿದರೆ ಗಿಡ ಹತ್ತಿರ, ಇನ್ನೊಂದು ಒತ್ತಿದರೆ ದೂರ. ಹಳ್ಳಿಯೊಂದರಲ್ಲಿ ಪ್ರಯೋಗ ಮಾಡಿದಾಗ ಯಾರೂ ತಕರಾರು ಮಾಡಿರಲಿಲ್ಲ. ಆದರೆ ಕಂಪನಿಯವರಿಗೆ ಗುಂಡಿ ಹಿಡಿಸಲಿಲ್ಲ. ಹಳೇ ಕಾಲದ್ದಿದ್ದಂಗ ಕಾಣ್ತದ, ಎಲ್ಲಾರೂ ಬೆರಳಿಲೇ ಮಾಡ್ತಾರ, ಇದಕ್ಕೂ ಅದನ್ನs ಹಾಕ್ರಿ ಎಂದರು. ಆಫೀಸಿನ ಮಾಲೀಕ ಸಂಗಮನಾಥ ಆಗಲಿ ಎಂದ. ಮೌನಿಕಾ ನಾಲ್ಕು ದಿನ ಕೂತು ಬರೆದಳು. ಬಿಸಿಎ ಮುಗಿಸಿ ಬಂದ ಮೇಲೆ ಅವಳ ಕೈಗೆ ಪೂರ್ತಿಯಾಗಿ ಒಪ್ಪಿಸಿದ ಮೊದಲ ಕೆಲಸ ಅದು.

ಆಟದೊಳಗೆ ಕಣ್ಣಿಗೆ ಕಾಣದ ಒಂದು ಕ್ಯಾಮೆರಾ ಇರುತ್ತದೆ. ಅದು ಎಲ್ಲಿ ನಿಂತಿದೆಯೋ ಅಲ್ಲಿಂದ ಆಡುವವರಿಗೆ ಹೊಲ ಕಾಣುತ್ತದೆ. ಪರದೆಯ ಮೇಲೆ ಎರಡು ಬೆರಳು ಬಿದ್ದರೆ ಅವುಗಳ ನಡುವಿನ ಅಂತರ ಅಳೆ. ಅಂತರ ಅಗಲವಾದರೆ ಕ್ಯಾಮೆರಾವನ್ನು ಗಿಡದ ಹತ್ತಿರಕ್ಕೆ ಒಯ್ಯಿ, ಕಿರಿದಾದರೆ ಹಿಂದಕ್ಕೆ ತಾ. ಅವಳು ಫೋನಿಗೆ ಬರೆದ ಅಪ್ಪಣೆ ಇಷ್ಟೇ. ಕ್ಯಾಮೆರಾ ಜರ್ಕು ಹೊಡೆಯದೆ ನೀರಿನಂತೆ ಸಾಗಲು ಅವಳು ಒಂದಿಡೀ ದಿನ ಒದ್ದಾಡಿದ್ದಳು. ಚಿತ್ರ ಬರೆಯುವ ಆಸ್ಮಾ ಪಕ್ಕದಲ್ಲಿ ಕೂತು ತನ್ನ ನೀಳ ಬೆರಳುಗಳಿಂದ ನೂರು ಸಲ ಆಡಿಸಿ "ಮಖ್ಖನ್ ಆಗ್ಯಾದ ನೋಡ, ಬೆಣ್ಣಿ ಹಂಗ" ಎಂದಿದ್ದಳು. ಆ ಸಂತೋಷದಲ್ಲಿಯೇ ಮೌನಿಕಾ ಎರಡು ಗುಂಡಿಗಳನ್ನು ಅಳಿಸಿ ಹಾಕಿದ್ದಳು. ಯಾರನ್ನೂ ಕೇಳಿರಲಿಲ್ಲ. ಆಫೀಸಿನ ನಾಲ್ಕು ಕೈಗಳಿಗೆ ಸರಿಹೋದದ್ದು ಊರಿಗೆಲ್ಲ ಸರಿಹೋಗುತ್ತದೆ ಎಂದು ಅಂದುಕೊಂಡಿದ್ದಳು. ತನ್ನನ್ನು ಸಾಕಿದ ಕೈ ಅವಳ ನೆನಪಿಗೇ ಬಂದಿರಲಿಲ್ಲ.

ಬುಧವಾರ ಅವಳು ಆಫೀಸಿಗೆ ಹೋಗಲಿಲ್ಲ. ಜ್ವರ ಎಂದು ಸುಳ್ಳು ಹೇಳಿ, ತಾಯಿ ಕೂಲಿಗೆ ಹೋಗಿದ್ದ ಹೊಲಕ್ಕೆ ನಡೆದಳು. ಭೀಮೆಯ ದಂಡೆಗೆ ಅಂಟಿದ ಕರಿ ನೆಲ. ಹನ್ನೆರಡು ಹೆಂಗಸರು ಉಡಿ ಕಟ್ಟಿಕೊಂಡು ಸಾಲು ಹಿಡಿದಿದ್ದರು. ಅವಳನ್ನು ನೋಡಿದ್ದೇ ಹಣಮಂತಮ್ಮ ಅಲ್ಲಿಂದಲೇ ಕೂಗಿದಳು.

"ಬಂದ್ಳ ನೋಡ್ರೆ, ನಮ್ಮನ್ನ ಫೇಲ್ ಮಾಡಿದ ಮಾಸ್ತರಿಣಿ! ಯಾಕವ್ವಾ, ಇಲ್ಲೂ ಪರೀಕ್ಷಾ ಇಟ್ಟೀ ಏನ?"

"ಬೈಯ್ಯಕ್ಕ, ಬೈಯ್. ಆದ್ರ ಕೈ ನಿಲ್ಲಿಸಬ್ಯಾಡ. ನಾ ನಿನ್ನ ಕೈ ನೋಡಾಕ ಬಂದೀನಿ."

"ಕೈ ನೋಡಿ ಭವಿಷ್ಯ ಹೇಳ್ತೀ ಏನ? ನನ್ನ ಗಂಡ ಕುಡಿಯೋದ ಬಿಡ್ತಾನೇನ ನೋಡs."

ಎಲ್ಲರೂ ನಕ್ಕರು. ಮಲ್ಲಿಕಮ್ಮ ಮಾತ್ರ ನಗದೆ ಮುಂದಿನ ಗಿಡಕ್ಕೆ ಹೋದಳು. ಮೌನಿಕಾ ಬಗ್ಗಿ ನೋಡುತ್ತಾ ಬೆನ್ನು ಹತ್ತಿದಳು. ಒಡೆದ ಹತ್ತಿಕಾಯಿಯ ಸಿಪ್ಪೆಯ ತುದಿಗಳು ಒಣಗಿ ಮುಳ್ಳಾಗಿರುತ್ತವೆ. ಎರಡೇ ಬೆರಳಿನಿಂದ ಹಿಡಿದರೆ ಅರ್ಧ ಅರಳೆ ಕಾಯಲ್ಲೇ ಉಳಿಯುತ್ತದೆ, ಬೆರಳಿಗೂ ಚುಚ್ಚುತ್ತದೆ. ಅದಕ್ಕೆ ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರನ್ನೂ ಕಾಯಿಯ ಮೇಲೆ ಅಗಲಿಸಿ ಇಟ್ಟು, ಒಳಕ್ಕೆ ಕೂಡಿಸಿ, ತಮ್ಮ ಕಡೆಗೆ ಎಳೆದುಕೊಳ್ಳುತ್ತಾರೆ. ಒಂದೇ ಎಳೆತಕ್ಕೆ ಅಷ್ಟೂ ತೊಳೆ ಕೈಗೆ ಬರುತ್ತದೆ. ಮುಂಜಾನೆಯಿಂದ ಸಂಜೆಯವರೆಗೆ ಸಾವಿರ ಸಲ. ವರ್ಷಗಟ್ಟಲೆ ಲಕ್ಷ ಲಕ್ಷ ಸಲ.

ಮೌನಿಕಾ ಫೋನು ತೆಗೆದು ಹಣಮಂತಮ್ಮನ ಮುಂದೆ ಹಿಡಿದಳು. "ಈ ಗಿಡ ಹತ್ರ ತಾ ನೋಡೂನು."

ಹಣಮಂತಮ್ಮ ಬೆರಳಿಗೆ ಸುತ್ತಿದ್ದ ಬಟ್ಟೆಚೂರು ಬಿಚ್ಚಿ ಮೂರೂ ಬೆರಳನ್ನು ಪರದೆಯ ಮೇಲೆ ಇಟ್ಟು, ಕೂಡಿಸಿ, ಎಳೆದಳು. ಗಿಡ ಹಿಂದಕ್ಕೆ ಓಡಿತು.

"ಹಂಗಲ್ಲಕ್ಕ. ಎರಡು ಬೆರಳ ಇಟ್ಟು ಅಗಲ ಮಾಡಬೇಕು."

"ಅಗಲ ಮಾಡಿದ್ರ ಹತ್ರ ಬರ್ತದ?" ಹಣಮಂತಮ್ಮ ಅವಳ ಮುಖ ನೋಡಿದಳು. "ಬೇಕಾದ್ದನ್ನ ಯಾರರ ದೂಡ್ತಾರೇನs? ಹತ್ರ ಬೇಕಂದ್ರ ಹಿಡ್ದು ಎಳೀಬೇಕಲ್ಲ. ಯಾವ ಶಾಣ್ಯಾ ಮಾಡ್ಯಾನಿದನ್ನ?"

"ನಾನs ಮಾಡೀನಿ."

"ನಮ್ಮ ಮಲ್ಲವ್ವನ ಮಗಳಾಗಿ!"

ಮೌನಿಕಾಳಿಗೆ ಮೈಯೆಲ್ಲ ಉರಿಯಿತು. ನಾಚಿಕೆಗೋ ಸಿಟ್ಟಿಗೋ ಅವಳಿಗೇ ಗೊತ್ತಾಗಲಿಲ್ಲ. ತಾನು ಬರೆದ ಸಾಲು ಕಣ್ಣೆದುರು ಬಂತು. 'ಬೆರಳು ಎರಡಕ್ಕಿಂತ ಹೆಚ್ಚಾದರೆ ಉಳಿದದ್ದನ್ನು ಲೆಕ್ಕಿಸಬೇಡ.' ಎಷ್ಟು ಸಲೀಸಾಗಿ ಬರೆದಿದ್ದಳು! ಬಾಗಿಲಲ್ಲಿ ಕಾವಲುಗಾರ ನಿಂತು ದಬ್ಬಿದ್ದರೆ ಈ ಹೆಂಗಸರು ಅವನ ಕೊರಳಪಟ್ಟಿ ಹಿಡಿಯುತ್ತಿದ್ದರು. ಫೋನಿನ ಹೊಟ್ಟೆಯೊಳಗೆ ಕೂತ ಒಂದು ಸಾಲು ಮೂವತ್ತೈದು ಜನರನ್ನು ಹೊರಗೆ ದಬ್ಬಿದಾಗ ಅವರು ತಮ್ಮ ಬೆರಳನ್ನೇ ಬೈದುಕೊಂಡು, ಸೆರಗಿನಲ್ಲಿ ಒರೆಸಿಕೊಂಡು ಎದ್ದು ಬಂದಿದ್ದರು.

ಅವಳು ಐದಾರು ಒಡೆದ ಕಾಯಿಗಳನ್ನು ಟೊಂಗೆ ಸಮೇತ ಕಿತ್ತು ಚೀಲಕ್ಕೆ ಹಾಕಿಕೊಂಡಳು.

"ಶುಕ್ರವಾರ ಗಿಡ ಬರ್ತದ ಅವ್ವ. ನಿಮ್ಮ ಕೈಗೇ ಬರ್ತದ."

ಮಲ್ಲಿಕಮ್ಮ ಆಗ ಮೊದಲ ಸಲ ನಿಂತಳು. "ಮಾಲಕರು ಹೂಂ ಅಂದಾರೇನ?"

"ಅನ್ನಸ್ತೀನಿ."

"ಅವ್ರು ಹೂಂ ಅನಲಾರದ ಏನೂ ಮಾಡಬ್ಯಾಡ ನೋಡ. ನಮ್ಮದಂತೂ ಕೂಲಿ ಇದ್ದದ್ದs. ನಿನ್ನ ನೌಕರಿ ಹೋದ್ರ ಮತ್ತೊಂದ ಎಲ್ಲಿಂದ ತರ್ತಿ?"

ಗುರುವಾರ ಮುಂಜಾನೆ ಯಾದಗಿರಿಯ ಸ್ಟೇಷನ್ ರಸ್ತೆಯ ಆಫೀಸಿನಲ್ಲಿ ಸಂಗಮನಾಥ ಹೂಂ ಅನ್ನಲಿಲ್ಲ. ತಂದೆಯ ಕಿರಾಣಿ ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿ ಈ ಆಫೀಸು ತೆರೆದು ಮೂರು ವರ್ಷವಾಗಿತ್ತು. ಕೆಟ್ಟವನಲ್ಲ. ಆದರೆ ಯಾದಗಿರಿಯಲ್ಲಿ ಕೂತು ಆಟ ಮಾಡುವವರನ್ನು ಯಾರಾದರೂ ನಂಬುತ್ತಾರೆಯೇ ಎಂಬ ಅಂಜಿಕೆ ಅವನ ಬೆನ್ನಿಗೇ ಕೂತಿತ್ತು.

"ಕಂಪನ್ಯಾರು ನೋಡಿ ಒಪ್ಪಿದ್ದದು. ಈಗ ಮುಟ್ಟಾಂಗಿಲ್ಲ. ಮುಂದಿನ ವರ್ಷ ಮೂರ ಜಿಲ್ಲಾಕ್ಕ ಕೊಡ್ತೀವಂತ ಅಂದಾರ, ನೆನಪ ಇರ್ಲಿ."

"ಸರ್, ಮೂರು ಬೆರಳಿಂದೂ ಹಾಕೂನ್ರಿ. ಎರಡು ಬೆರಳಿಂದು ಹಂಗs ಇರ್ತದ. ಒಂದು ಕೂಡಸ್ತೀನಿ, ಏನೂ ತಗ್ಯಾಂಗಿಲ್ಲ."

"ಜಗತ್ತೆಲ್ಲ ಎರಡು ಬೆರಳಿಲೆ ಮಾಡ್ತದ ಮೌನಿಕಾ. ಒಂದು ವಿಡಿಯೋ ಮಾಡಿ ಕಳಸು, ಕಲೀತಾರ."

"ಅವ್ರು ಒಂದು ದಿನದಾಗ ಕಲೀಬೇಕು. ನಾವು ಮೂರು ತಾಸಿನಾಗ ಕಲಸಬಹುದು ಫೋನಿಗಿ. ಯಾರು ಕಲಿಯೋದು ಸಸ್ತಾರಿ?"

"ನಿಮ್ಮ ಅವ್ವ ಅದಾಳ ಅದ್ರಾಗ," ಎಂದ ಸಂಗಮನಾಥ. ದನಿ ತಗ್ಗಿತ್ತು, ಬೈಯುವ ಹಾಗೆ ಇರಲಿಲ್ಲ. "ನಾಳಿ ಯಾರರ ಇದs ಮಾತು ಎತ್ತಿದ್ರ ನಾ ಏನ್ ಹೇಳ್ಲಿ? ಹೋಗು, ಬ್ಯಾರೆ ಕೆಲಸ ನೋಡು."

ಅವನು ಕೆಳಗೆ ಅಂಗಡಿಗೆ ಇಳಿದು ಹೋದ. ಮೌನಿಕಾ ಕೂತಳು, ಎದ್ದಳು, ಕಿಟಕಿಯವರೆಗೆ ಹೋಗಿ ಬಂದಳು. ರೈಲು ಹೋದ ಸದ್ದಿಗೆ ಟೇಬಲ್ಲು ಗಡಗಡ ಎಂದಿತು. ಆಸ್ಮಾ ತಲೆ ಎತ್ತದೆ ಕೇಳಿದಳು.

"ಎಷ್ಟ ಸಲ ಕಿಟಕಿಗಿ ಹೋಗಾಕಿ? ಬರೀತೀಯೋ ಇಲ್ಲೋ ಹೇಳು."

"ಬರದ್ರ ನೀನೂ ಸಿಕ್ಕೊಂತಿ. ಇಪ್ಪತ್ತು ಫೋನೂ ನಿನ್ನ ಕಪಾಟಿನಾಗ ಅದಾವ."

"ನಾ ಏನ್ ನೋಡೀನಿ? ನಾ ಹುಳದ ಚಿತ್ರ ಬರ್ಯಾಕಿ. ಚಾವಿ ಇಲ್ಲೇ ಟೇಬಲ್ ಮ್ಯಾಲ ಬಿದ್ದಿರ್ತದ ಯಾವಾಗ್ಲೂ." ಆಸ್ಮಾ ಚಾವಿಯನ್ನು ಪೆನ್ಸಿಲ್ಲಿನಿಂದ ಇತ್ತ ನೂಕಿದಳು.

ಬರೆಯುವುದು ಅಂದುಕೊಂಡಷ್ಟು ಸುಲಭ ಇರಲಿಲ್ಲ. ಮೂರು ಬೆರಳು ಬಿದ್ದರೆ, ಅವು ಕೂಡಿದಾಗ ಕ್ಯಾಮೆರಾ ಹತ್ತಿರ ಹೋಗಲಿ ಎಂದು ಬರೆದಳು. ಟೊಂಗೆಯ ಹತ್ತಿಕಾಯಿಯನ್ನು ಒಂದು ಸಲ ನಿಜವಾಗಿ ಬಿಡಿಸಿ, ಅದೇ ಕೈಯನ್ನು ಪರದೆಯ ಮೇಲೆ ಆಡಿಸಿದಳು. ಗಿಡ ಮೊದಲು ಹಿಂದಕ್ಕೆ ಜಿಗಿದು ಆಮೇಲೆ ಮುಂದಕ್ಕೆ ಬಂತು, ಕಲ್ಲು ತಾಕಿದ ಬಂಡಿಯ ಹಾಗೆ. ಮತ್ತೆ ಕಾಯಿ ಬಿಡಿಸಿದಳು. ಆಗ ತಿಳಿಯಿತು. ಮೂರು ಬೆರಳು ಒಂದೇ ಕ್ಷಣಕ್ಕೆ ಬೀಳುವುದಿಲ್ಲ. ಹೆಬ್ಬೆರಳು, ತೋರುಬೆರಳು ಮೊದಲು. ನಡುಬೆರಳು ಕಣ್ಣು ಮಿಟುಕಿಸುವಷ್ಟು ಹಿಂದೆ. ಆ ಸಂದಿಯಲ್ಲಿ ಫೋನು ಎರಡೇ ಬೆರಳು ಎಂದುಕೊಂಡು ಓಡಿಬಿಡುತ್ತದೆ. ಕಾಯಬೇಕು. ಎರಡು ಬಿದ್ದ ಕೂಡಲೇ ತೀರ್ಮಾನ ಕೊಡದೆ, ಸೆಕೆಂಡಿನ ಹತ್ತನೇ ಒಂದು ಭಾಗ ಮೂರನೆಯದಕ್ಕಾಗಿ ಕಾಯಬೇಕು. ಅಷ್ಟನ್ನು ಬರೆದಳು. ಆಸ್ಮಾ ಎರಡು ಬೆರಳಿನಿಂದ ಆಡಿಸಿ ನೋಡಿದಳು. ಮೊದಲಿನ ಹಾಗೆಯೇ ಇತ್ತು. ಮೌನಿಕಾ ಮೂರು ಬೆರಳು ಕೂಡಿಸಿ ಎಳೆದಳು. ಗಿಡ ಬಂತು, ಎಲೆಯ ನರ ಕಾಣುವಷ್ಟು ಹತ್ತಿರ.

ಶುಕ್ರವಾರ ಸುರಪುರಕ್ಕೆ ಹೊರಡುವ ಮೊದಲು ಇಪ್ಪತ್ತೂ ಫೋನಿಗೆ ಅದನ್ನು ಹಾಕಿದ್ದಾಯಿತು. ಸಂಗಮನಾಥನ ಕಾರಿನಲ್ಲಿ ಆಸ್ಮಾಳ ಪಕ್ಕ ಫೋನಿನ ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತ ಮೌನಿಕಾ ದಾರಿಯುದ್ದಕ್ಕೂ ಉಗುರು ಕಚ್ಚಿದಳು.

ಸುರಪುರದ ಕಲ್ಯಾಣ ಮಂಟಪದ ಬಾಗಿಲಿಗೆ ಕಂಪನಿಯ ಬ್ಯಾನರು ಕಟ್ಟಿದ್ದರು. ಅದರ ಕೆಳಗೆ ಕುಂಡವೊಂದರಲ್ಲಿ ಎದೆಯೆತ್ತರದ ಹತ್ತಿಗಿಡ. ಕಂಪನಿಯ ಹೊಸ ಬೀಜದ್ದು, ಹುಳ ಹತ್ತುವುದಿಲ್ಲ ಎಂದು ಹೊಗಳಿಸಿಕೊಂಡದ್ದು. ಬಂದವರು ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಮಂಗಳವಾರ ಸೋತ ಮೂವತ್ತೈದು ಜನರೂ ಬಂದಿದ್ದರು, ಗೆದ್ದ ಸೊಸೆಯಂದಿರಲ್ಲಿ ಒಂದಿಬ್ಬರು ನೋಡಲು ಬಂದಿದ್ದರು.

ಮಲ್ಲಿಕಮ್ಮ ಟಂಟಂನಿಂದ ಇಳಿದದ್ದನ್ನು ನೋಡಿ ಮೌನಿಕಾ ಓಡಿ ಹೋದಳು. ತಾಯಿಯ ಬಲಗೈಯ ನಡುಬೆರಳನ್ನು ಮಡಚಿ, ಅಂಗೈಗೆ ಒತ್ತಿ, ಹಳೆಯ ಸೀರೆಯ ಚೂರಿನಿಂದ ಬಿಗಿಯಾಗಿ ಕಟ್ಟಲಾಗಿತ್ತು.

"ಏನಾಗ್ಯಾದs? ಗಾಯ ಆಗ್ಯಾದೇನ?"

"ಎಲ್ಲಿ ಗಾಯ. ಕಟ್ಟೀನಿ. ಎರಡು ದಿನ ತಾಟು ಬೋರಲು ಹಾಕ್ಕೊಂಡು ಎರಡು ಬೆರಳಿಲೆ ಅಗಲ ಮಾಡೋದು ಕಲ್ತೀನಿ. ಈ ಭಾಡ್ಯಾ ನಡುಬಳ್ಳು ಸುಮ್ಮ ಕೂಡವಲ್ದು, ನಡುವ ನಡುವ ಬರ್ತದ. ಅದಕ್ಕs ಕಟ್ಟಿಬಿಟ್ಟೀನಿ."

ಬೆರಳ ತುದಿ ನೀಲಿಗಟ್ಟಿತ್ತು. "ಬಿಚ್ಚವ್ವ. ಈಗ ಮೂರು ಬೆರಳಿಲೇ ಬರ್ತದ. ನಾ ಮಾಡೀನಿ."

"ಮಾಲಕರು ಹೂಂ ಅಂದ್ರೇನ?"

ಮೌನಿಕಾ ತಾನೇ ಗಂಟು ಬಿಚ್ಚಲು ಕೈ ಹಾಕಿದಳು.

"ಹಂಗಾದ್ರ ಬಿಚ್ಚಾಂಗಿಲ್ಲ," ಎಂದು ಮಲ್ಲಿಕಮ್ಮ ಒಳಗೆ ಹೋಗಿ ಸಾಲಿನಲ್ಲಿ ಕೂತಳು.

ಗಂಟೆ ಹೊಡೆಯಿತು. ಮಲ್ಲಿಕಮ್ಮ ಎರಡು ಬೆರಳು ಇಟ್ಟು, ನಾಲಿಗೆ ಕಚ್ಚಿ ಹಿಡಿದು, ಬಾಗಿಲು ತಳ್ಳುವವಳ ಹಾಗೆ ಅಗಲಿಸಿದಳು. ಗಿಡ ಚೂರು ಬಂತು. ಮತ್ತೆ ಎತ್ತಿ ಇಟ್ಟಳು, ಮತ್ತೆ ಅಗಲಿಸಿದಳು. ಒಂದು ಹುಳ ಸಿಗುವಷ್ಟರಲ್ಲಿ ಒಂದೂವರೆ ನಿಮಿಷ ಹೋಗಿತ್ತು. ಹಣೆಯಲ್ಲಿ ಬೆವರು. ಗೋಡೆಯ ಬಳಿ ನಿಂತ ಮೌನಿಕಾ ಮನಸ್ಸಿನಲ್ಲೇ ಬಿಚ್ಚs, ಬಿಚ್ಚs ಎಂದು ಚೀರುತ್ತಿದ್ದಳು.

ಪಕ್ಕದಲ್ಲಿ ಹಣಮಂತಮ್ಮ ಒಮ್ಮೆಗೇ ಕಿರುಚಿದಳು. "ಯವ್ವಾ! ಬಂತs! ಎಳದ್ರ ಬಂತ ನೋಡ ಮಲ್ಲವ್ವ!"

"ಮಾತಾಡಬ್ಯಾಡ್ರಿ," ಎಂದ ಸುನೀಲಕುಮಾರ.

ಮಲ್ಲಿಕಮ್ಮ ಹಣಮಂತಮ್ಮನ ಕೈ ನೋಡಿದಳು. ಮೂರು ಬೆರಳು ಕೂಡುತ್ತಿದ್ದವು, ಎಳೆಯುತ್ತಿದ್ದವು, ಗಿಡ ನಾಯಿಮರಿಯಂತೆ ಹತ್ತಿರ ಬರುತ್ತಿತ್ತು. ಆ ಸಾಲಿನಲ್ಲಿ ಒಬ್ಬೊಬ್ಬರಾಗಿ ಎಲ್ಲರೂ ಎಳೆಯತೊಡಗಿದರು. ಕಂಪನಿಯ ಸಾಹೇಬರು, ಮಾಲೀಕರು ಯಾರೂ ಇಲ್ಲವೆಂಬಂತೆ, ಹೊಲದಲ್ಲಿ ಸಾಲು ಹಿಡಿದ ಹಾಗೆ. ಮಲ್ಲಿಕಮ್ಮ ಬಲಗೈಯನ್ನು ಬಾಯಿಗೆ ಒಯ್ದು ಹಲ್ಲಿನಿಂದ ಗಂಟು ಕಿತ್ತಳು. ಬಟ್ಟೆಚೂರನ್ನು ಜಮಖಾನೆಯ ಮೇಲೆ ಉಗಿದಳು. ಬೆರಳನ್ನು ಎರಡು ಸಲ ಬಿಚ್ಚಿ ಮಡಚಿ, ಕೈ ಇಳಿಸಿದಳು.

ಆಮೇಲೆ ಅವಳ ಕೈ ನಿಲ್ಲಲಿಲ್ಲ. ಹತ್ತು ನಿಮಿಷ ಮುಗಿದಾಗ ಅವಳ ಹೆಸರಿನ ಮುಂದೆ ಹತ್ತೊಂಬತ್ತು ಇತ್ತು. ಇಪ್ಪತ್ತನೆಯದು ಪರದೆಯ ಮೇಲೆ ಕಣ್ಣಿಗೆ ಹೊಡೆಯುವಂತೆ ಕೂತಿತ್ತು.

"ಇದನ್ಯಾಕ ಬಿಟ್ಟಿರಿ ಅತ್ತಿ?" ಎಂದು ಫೋನು ಇಸಿದುಕೊಳ್ಳಲು ಬಂದ ಆಸ್ಮಾ ಕೇಳಿದಳು.

"ಅದು ಸುಳ್ಳ ಹುಳ. ಗುಲಾಬಿ ಹುಳ ಹಿಂಗ ಎಲಿ ಮ್ಯಾಲ ಬಿಸಲ ಕಾಸ್ಕೋತ ಕೂಡಂಗಿಲ್ಲ, ಕಾಯಿ ಒಳಗ ಇರ್ತದ. ಯಾರು ಬರದಾರಿದನ್ನ?"

ಆಸ್ಮಾ ತುಟಿ ಕಚ್ಚಿದಳು. "ಯಾರೋ ಬೇಕೂಫ ಇರ್ಬೇಕು."

ಎರಡನೇ ಸರದಿಯೂ ಮುಗಿದು, ಮೂವತ್ತೈದರಲ್ಲಿ ಇಪ್ಪತ್ತೆಂಟು ಜನ ಗೆದ್ದರು. ಸುನೀಲಕುಮಾರ ಪಟ್ಟಿಯನ್ನು ಎರಡು ಸಲ ಓದಿದ. ಆಮೇಲೆ ಫೋನೊಂದನ್ನು ಎತ್ತಿ ಹಣಮಂತಮ್ಮನ ಮುಂದೆ ಹಿಡಿದ. "ಏ ಅಮ್ಮಾ, ಹೆಂಗ ಮಾಡಿದಿ, ತೋರ್ಸು." ಹಣಮಂತಮ್ಮ ಖುಷಿಯಿಂದಲೇ ತೋರಿಸಿದಳು. ಸುನೀಲಕುಮಾರನ ಮುಖ ಬಿಗಿಯಾಯಿತು.

"ಸಂಗಮನಾಥ, ಇದು ನಾವು ಒಪ್ಪಿದ್ದಲ್ಲ."

ಸಂಗಮನಾಥ ಮೌನಿಕಾಳ ಕಡೆ ತಿರುಗಿದ. ಮುಖದಲ್ಲಿ ರಕ್ತ ಇರಲಿಲ್ಲ.

"ನಾ ಹಾಕೀನ್ರಿ," ಎಂದಳು ಮೌನಿಕಾ. "ಸರ್ ಬ್ಯಾಡಂದಿದ್ರು. ಎರಡು ಬೆರಳಿಂದು ಹಂಗs ಅದ, ಬೇಕಾದ್ರ ಆಡಿಸಿ ನೋಡ್ರಿ. ಯಾರಿಂದೂ ಕಸಗೊಂಡಿಲ್ಲ."

"ನಿನ್ನ ತಾಯಿ ಅದಾಳಂತ ಇದ್ರಾಗ?"

"ಹೌದ್ರಿ."

"ಅಷ್ಟs ಸಾಕು. ಈ ಪರೀಕ್ಷಾ ಕ್ಯಾನ್ಸಲ್. ತಾಯಿಗಿ ನೌಕರಿ ಕೊಡಸಾಕ ಮಗಳು ಫೋನಿನಾಗ ಮೋಸ ಮಾಡ್ಯಾಳ. ಎಲ್ಲಾರೂ ಮನೀಗಿ ಹೋಗ್ರಿ."

ಯಾರೂ ಏಳಲಿಲ್ಲ. ಮೋಸ ಎಂಬ ಮಾತು ಮಂಟಪದಲ್ಲಿ ಒಂದು ಸುತ್ತು ಹೊಡೆದು ಮಲ್ಲಿಕಮ್ಮನ ಹತ್ತಿರ ಬಂದಂತಾಯಿತು. ಅವಳು ಎದ್ದಳು. ಬಾಗಿಲ ಕಡೆ ನಡೆದಳು. ಹೋಗುತ್ತಿದ್ದಾಳೆ ಎಂದುಕೊಂಡ ಸುನೀಲಕುಮಾರ ದಾರಿ ಬಿಟ್ಟ. ಅವಳು ಬ್ಯಾನರಿನ ಕೆಳಗೆ ನಿಂತಳು. ಕುಂಡದ ಗಿಡವನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿ, ನಡುವಿನ ಟೊಂಗೆ ಬಗ್ಗಿಸಿ, ಇನ್ನೂ ಒಡೆಯದ ಒಂದು ಹಸಿರು ಕಾಯಿಯನ್ನು ಕಿತ್ತುಕೊಂಡು ಒಳಗೆ ಬಂದಳು.

"ಫೋನ್ ಮೋಸ ಮಾಡ್ತದ, ಆತು. ಇದಕ ಫೋನ್ ಇಲ್ಲಲ್ರಿ ಸಾಹೇಬ್ರ?"

ಮೂರು ಬೆರಳಿನಿಂದ ಕಾಯಿಯನ್ನು ಒತ್ತಿ ಸೀಳಿದಳು. ಒಳಗಿನ ಹಸಿ ಅರಳೆಯ ನಡುವೆ ಗುಲಾಬಿ ಬಣ್ಣದ ಹುಳ ಹೊರಳಿತು. ಅದನ್ನು ಅಂಗೈಯಲ್ಲಿ ಹಿಡಿದು ಸುನೀಲಕುಮಾರನ ಮೂಗಿನ ಕೆಳಗೆ ಚಾಚಿದಳು.

"ಆ ಗಿಡದಾಗ ಇನ್ನ ನಾಕ ಅದಾವ. ತೋರಸ್ಲೇನು? ನಿಮ್ಮ ಫೋಟೋ ಗಿಡನs ಅದು."

ಹಣಮಂತಮ್ಮ ಮೊದಲು ನಕ್ಕಳು. ಆಮೇಲೆ ಇಡೀ ಮಂಟಪ. ಮಂಗಳವಾರ ಗೆದ್ದ ಸೊಸೆಯಂದಿರಲ್ಲಿ ಒಬ್ಬಳು ತನ್ನ ಫೋನು ತೆಗೆದು, ಅಂಗೈಯ ಹುಳ, ಹಿಂದಿನ ಬ್ಯಾನರು ಎರಡೂ ಬರುವ ಹಾಗೆ ಹಿಡಿಯುತ್ತಿದ್ದಳು.

"ಏ, ಫೋಟೋ ಬ್ಯಾಡ! ಒಳಗಿಡು ಅದನ್ನ!" ಸುನೀಲಕುಮಾರ ಕೈ ಬೀಸಿದ. ಹೊರಗೆ ಹೋಗಿ ಯಾರಿಗೋ ಫೋನು ಹಚ್ಚಿದ. ಮಂಟಪದ ಮುಂದಿನ ಬಿಸಿಲಿನಲ್ಲಿ ಅತ್ತಿಂದಿತ್ತ ಓಡಾಡುತ್ತಾ ಮುಕ್ಕಾಲು ಗಂಟೆ ಮಾತಾಡಿದ. ಟಂಟಂನವರು ಹಾರ್ನು ಹೊಡೆದರು. ಹೆಂಗಸರು ಏಳಲಿಲ್ಲ, ಬುತ್ತಿ ಬಿಚ್ಚಿ ಜಮಖಾನೆಯ ಮೇಲೆಯೇ ರೊಟ್ಟಿ ಮುರಿದರು. ಮೌನಿಕಾಳಿಗೂ ಒಂದು ಚೂರು ಕೊಟ್ಟರು. ಅವಳು ಅದನ್ನು ಕೈಯಲ್ಲೇ ಹಿಡಿದು ಕೂತಳು.

ಸುನೀಲಕುಮಾರ ಒಳಗೆ ಬಂದ. "ಆಯ್ತು. ಇಪ್ಪತ್ತೆಂಟು ಮಂದೀನೂ ತಗೋತೀವಿ. ಸೈನ್ ಮಾಡಿ ಹೋಗ್ರಿ. ಆದ್ರ ಕೆಲಸದ ಫೋನಿನಾಗ ಹಳೇದs ಇರ್ತದ, ಎರಡು ಬೆರಳಿಂದು. ಮ್ಯಾಲಿನವ್ರು ಹಂಗs ಹೇಳ್ಯಾರ."

ಪೆನ್ನು ಮೊದಲು ಮಲ್ಲಿಕಮ್ಮನ ಕೈಗೆ ಬಂತು. ಪಟ್ಟಿಯ ಮೇಲ್ತುದಿಯಲ್ಲಿ ಅವಳ ಹೆಸರಿತ್ತು. ಅವಳು ಪೆನ್ನನ್ನು ಹಿಡಿದು ನಿಂತಳು. ಅದೊಂದು ಗೆರೆ ಎಳೆದರೆ ಉಡಿ ಬಿಚ್ಚಬಹುದು. ಇಪ್ಪತ್ತೆರಡು ವರ್ಷದ ಬೆನ್ನು ನೆಟ್ಟಗಾಗಬಹುದು.

ಮಲ್ಲಿಕಮ್ಮ ಪೆನ್ನನ್ನು ಟೇಬಲ್ಲಿನ ಮೇಲೆ ಇಟ್ಟಳು.

"ಇವತ್ತ ತಗೊಂಡು, ತಿಂಗಳಾದ ಮ್ಯಾಲ ನಿಮಗ ಫೋನ್ ಬರಂಗಿಲ್ಲ, ಹುಳ ಕಡಿಮಿ ಹಿಡದೀರಿ, ಹೋಗ್ರಿ ಅಂತೀರಿ. ಮೂರು ಬೆರಳಿಂದೂ ಇರ್ತದಂತ ಇದರ ಮ್ಯಾಲs ಬರದು ಕೊಡ್ರಿ. ಇಲ್ಲಂದ್ರ ನಮ್ಮ ಸೈನ್ ಇಲ್ಲ."

"ನೌಕರಿ ಬಿಡ್ತಿ ಏನs?"

"ಹೊಲ ಎಲ್ಲಿ ಓಡಿಹೋಗ್ಯಾವ್ರಿ."

ಹಿಂದೆ ಇಪ್ಪತ್ತೇಳು ಜನ ಎದ್ದು ನಿಂತಿದ್ದರು. ಸೊಸೆಯ ಫೋನು ಇನ್ನೂ ಕೈಯಲ್ಲೇ ಇತ್ತು. ಸುನೀಲಕುಮಾರ ಅದನ್ನು ನೋಡಿದ, ಕುರ್ಚಿ ಎಳೆದು ಕೂತ, ಪಟ್ಟಿಯ ಕೆಳಗೆ ಎರಡು ಸಾಲು ಗೀಚಿ ಸಹಿ ಹಾಕಿದ.

"ಓದs ಮೌನಿಕಾ," ಎಂದಳು ಮಲ್ಲಿಕಮ್ಮ.

"ಕೆಲಸದ ಫೋನುಗಳಲ್ಲಿ ಮೂರು ಬೆರಳಿನ ವಿಧಾನವನ್ನು ಸಾಧ್ಯವಾದಷ್ಟು ಮಟ್ಟಿಗೆ ಉಳಿಸಿಕೊಳ್ಳಲಾಗುವುದು."

"'ಸಾಧ್ಯವಾದಷ್ಟು ಮಟ್ಟಿಗೆ' ಅನ್ನೋದನ್ನ ಹೊಡದ ಹಾಕ್ರಿ."

ಅವನು ಹೊಡೆದು ಹಾಕಿದ. ಕಾಗದ ಹರಿಯಿತು. ಅದೂ ಸಾಲದೆ ಹೆಂಗಸರು ಪಕ್ಕದಲ್ಲಿ ಅವನಿಂದ ಚಿಕ್ಕ ಸಹಿ ಮಾಡಿಸಿಕೊಂಡರು.

ಮಲ್ಲಿಕಮ್ಮ ಬಗ್ಗಿ ಒಂದೊಂದೇ ಅಕ್ಷರವಾಗಿ ತನ್ನ ಹೆಸರು ಬರೆಯತೊಡಗಿದಳು. ಸಂಗಮನಾಥ ಮೌನಿಕಾಳ ಪಕ್ಕ ಬಂದು ಯಾರಿಗೂ ಕೇಳದ ಹಾಗೆ ಹೇಳಿದ. "ಸೋಮವಾರದಿಂದ ಬರಬ್ಯಾಡ. ನಾ ಬ್ಯಾಡಂದಿದ್ದೆ ನಿನಗ."

"ಆಯ್ತ್ರಿ."

"ಮೂವತ್ಮೂರು ಫೋನಿಗಿ ಅದನ್ನ ಹಾಕೋದು ಹೆಂಗಂತ ಬರದು ಇಟ್ಟು ಹೋಗು."

"ಬರ್ಯಾಂಗಿಲ್ರಿ. ಬೇಕಾದ್ರ ಬಂದು ಹಾಕ್ತೀನಿ."

ಅವನು ಅವಳನ್ನೇ ನೋಡಿದ. ಅಷ್ಟರಲ್ಲಿ ಸರದಿ ಹಣಮಂತಮ್ಮನಿಗೆ ಬಂದಿತ್ತು. ಅವಳು ಪೆನ್ನನ್ನು ಕಾಗದಕ್ಕೆ ಒತ್ತಿದಳು, ಜಾಡಿಸಿದಳು, ಮತ್ತೆ ಒತ್ತಿದಳು. ಅದು ಬರೆಯಲಿಲ್ಲ.

"ಏ ಇದು ಸತ್ತದ!" ಎಂದು ಕೂಗಿದಳು. "ಇನ್ನೊಂದ ಪೆನ್ ತರ್ರೆ ಯಾರರ, ಲಗೂನ!"